ಬೀಳದ ಹೂವಿನ ಲೆಕ್ಕ

ಹೈಸ್ಕೂಲಿಗೆ ಗಣಿತದ ಟೀಚರಾಗಿ ಈಗಷ್ಟೇ ಕಾಲಿಟ್ಟವರು ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾವ ಪ್ರಶಸ್ತಿಯೂ ಬಂದಿಲ್ಲ. ಬಂದಿದ್ದರೆ ಅದನ್ನೇ ಬರೆದು ನಿಮ್ಮ ತಲೆ ತಿನ್ನುತ್ತಿದ್ದೆ, ನೀವು ಬಚಾವಾದಿರಿ. ಬೀಳ್ಕೊಡುಗೆಯ ದಿನ ಹೊದಿಸಿದ ಶಾಲು, ಕೊಟ್ಟ ಹಣ್ಣಿನ ಬುಟ್ಟಿ, ನನ್ನ ಹೆಸರನ್ನೇ ತಪ್ಪು ಹೇಳಿ "ಇವರ ಸೇವೆ ಅವಿಸ್ಮರಣೀಯ" ಎಂದ ಮುಖ್ಯ ಅತಿಥಿ, ಇವೆಲ್ಲದರ ವಿಷಯವೂ ಬೇಡ. ನಾನು ಬರೆಯಲು ಕೂತದ್ದು ಒಂದು ಪಾಠದ ಬಗ್ಗೆ. ಸಂಭವನೀಯತೆ.

ಹತ್ತನೇ ತರಗತಿ ಗಣಿತ ಪುಸ್ತಕದ ಬಾಲದಲ್ಲಿ ಬರುವ ಪಾಠ ಅದು. ಬಾಲದವರೆಗೆ ಬರುವಷ್ಟರಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ, ಮಕ್ಕಳಿಗೂ ಸುಸ್ತು, ಟೀಚರಿಗೂ ಸುಸ್ತು. ನಿಮ್ಮ ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ, "ಸುಲಭದ ಪಾಠ, ಕನಿಷ್ಠ ಅಂಕದ ಪಾಸಿಂಗ್ ಪ್ಯಾಕೇಜಿಗೆ ಹಾಕಿ, ಸೂತ್ರ ಬಾಯಿಪಾಠ ಮಾಡಿಸಿ, ಮುಗಿಸಿ." ಸೂತ್ರವೇನೋ ಸುಲಭದ್ದೇ. ನಮಗೆ ಬೇಕಾದ ಫಲಿತಾಂಶಗಳು ಎಷ್ಟು ಎಣಿಸು, ಒಟ್ಟು ಫಲಿತಾಂಶಗಳು ಎಷ್ಟು ಎಣಿಸು, ಅದನ್ನು ಇದರಿಂದ ಭಾಗಿಸು. ದಾಳ ಎಸೆದರೆ ಆರು ಮುಖ, ಐದು ಬೀಳುವುದು ಒಂದೇ ಮುಖದಲ್ಲಿ, ಉತ್ತರ ಆರನೇ ಒಂದು. ಆದರೆ ಆ ಸೂತ್ರದ ಹಿಂದೆ ಒಂದು ಸಣ್ಣ ಷರತ್ತು ಇದೆ. ಎಲ್ಲ ಫಲಿತಾಂಶಗಳಿಗೂ ಆಗುವ ಅವಕಾಶ ಸಮನಾಗಿರಬೇಕು, ಅಂದರೆ ದಾಳದ ಆರೂ ಮುಖಗಳು ಒಂದಕ್ಕೊಂದು ಸಮಸಮ ಇರಬೇಕು. ಈ ಷರತ್ತನ್ನು ಮೇಷ್ಟ್ರುಗಳು ಮದುವೆ ಮಂತ್ರದ ಹಾಗೆ ಗೊಣಗಿ ಮುಂದಕ್ಕೆ ಹೋಗಿಬಿಡುತ್ತಾರೆ. ಗಂಡನಿಗೂ ಕೇಳಿಸುವುದಿಲ್ಲ, ಹೆಂಡತಿಗೂ ಕೇಳಿಸುವುದಿಲ್ಲ, ಆಮೇಲೆ ಇಬ್ಬರೂ ಅನುಭವಿಸುತ್ತಾರೆ.

ನಾನು ಸೊರಬದ ಕಡೆಯವಳು, ಊರು ಹೊಸಬಾಳೆ. ಮೊದಲ ನೌಕರಿ ಕುಪ್ಪಗಡ್ಡೆಯ ಆಚೆ ಒಂದು ಹೈಸ್ಕೂಲಿನಲ್ಲಿ. ಹೊಸ ಹುರುಪು ನೋಡಿ, "ಪಾಠವನ್ನು ಚಟುವಟಿಕೆಯಿಂದ ಕಲಿಸಬೇಕು" ಎಂದು ತರಬೇತಿಯಲ್ಲಿ ಹೇಳಿದ್ದನ್ನು ನಿಜವೆಂದು ನಂಬಿದ್ದೆ. ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆದುಕೊಂಡು ಹೋಗಿ, ಒಬ್ಬ ಹುಡುಗನ ಕೈಗೆ ನಾಣ್ಯ ಕೊಟ್ಟು ಮೇಲಕ್ಕೆ ಹಾರಿಸು ಎಂದೆ. ಹಿಂದಿನ ದಿನ ಸುರಿದ ಅಕಾಲ ಮಳೆಗೆ ಮೈದಾನ ಕಲಸಿದ ಹಿಟ್ಟಿನ ಹಾಗಿತ್ತು. ನಾಣ್ಯ ಕೆಳಗೆ ಬಂದು, ಕೆಸರಿನಲ್ಲಿ ಅಂಚಿನ ಮೇಲೆ ನೆಟ್ಟಗೆ ನಿಂತಿತು.

"ಟೀಚರ್, ಇದು ಎಂತ ಬಿದ್ದದ್ದು? ತಲೆಯಾ, ಬಾಲವಾ?"

"ಅದು ಲೆಕ್ಕಕ್ಕಿಲ್ಲ. ಮತ್ತೆ ಹಾಕು."

"ಬಿದ್ದದ್ದು ಬಿದ್ದಿದೆಯಲ್ಲ ಟೀಚರ್. ಲೆಕ್ಕಕ್ಕಿಲ್ಲ ಅಂದ್ರೆ ಹೆಂಗೆ?"

"ನಿನ್ನ ಅಧಿಕಪ್ರಸಂಗ ಸಾಕು ಮಾರಾಯ, ಹಾಕು ಅಂದ್ರೆ ಹಾಕು."

ಅವನು ಹಾಕಿದ, ತಲೆ ಬಿತ್ತು, ನಾನು ಪಾಠ ಮುಂದುವರಿಸಿದೆ. ಕ್ಲಾಸಿಗೆ ಮರಳಿ, ನಾಣ್ಯಕ್ಕೆ ಎರಡೇ ಫಲಿತಾಂಶ ಎಂದು ಬೋರ್ಡಿನ ಮೇಲೆ ಬರೆದೆ. ಆ ಹುಡುಗ ಕೊನೆಯ ಬೆಂಚಿನಿಂದ ನನ್ನನ್ನು ಸಂಶಯದಿಂದಲೇ ನೋಡುತ್ತಿದ್ದ.

ಅಲ್ಲಿಂದ ವರ್ಗವಾಗಿ ಶಿಕಾರಿಪುರ ತಾಲ್ಲೂಕಿಗೆ, ತಾಳಗುಂದದ ಕಡೆಯ ಒಂದು ಊರಿಗೆ ಬಂದೆ. ನಿವೃತ್ತಿಯವರೆಗೂ ಅಲ್ಲೇ. ಸೊರಬಕ್ಕೂ ಇದಕ್ಕೂ ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ, ಆದರೆ ಮಾತು ಬೇರೆ. ನಾನು "ಎಂತದು" ಅಂದರೆ ಇಡೀ ಕ್ಲಾಸು ಕಿಸಕ್ಕೆಂದು ನಗುತ್ತಿತ್ತು. ಅಲ್ಲಿನವರು ಹೆಣ್ಣು ಟೀಚರನ್ನು "ಅಕ್ಕೋರೆ" ಎಂದು ಕರೆಯುತ್ತಾರೆ. ಬೈಯುವಾಗಲೂ ಅಕ್ಕೋರೆ ಅಂತಲೇ ಬೈಯುತ್ತಾರೆ, ಹಾಗಾಗಿ ಬೈಗುಳವೂ ಮರ್ಯಾದೆಯಿಂದಲೇ ಬರುತ್ತಿತ್ತು.

ಅಲ್ಲಿನ ಹೆಡ್‌ಮಾಸ್ಟರಿಗೆ ನಾವು ಇಟ್ಟ ಹೆಸರು ಫಿಫ್ಟಿ-ಫಿಫ್ಟಿ ಸಾಹೇಬರು. ಅವರ ಪ್ರಕಾರ ಪ್ರಪಂಚದ ಯಾವ ಸಂಗತಿಯಾದರೂ ಒಂದೋ ಆಗುತ್ತದೆ, ಇಲ್ಲವೋ ಆಗುವುದಿಲ್ಲ. ಎರಡೇ ಫಲಿತಾಂಶ, ಆದ್ದರಿಂದ ಫಿಫ್ಟಿ-ಫಿಫ್ಟಿ. ಬಸ್ಸು ಬರುತ್ತದೋ? ಫಿಫ್ಟಿ-ಫಿಫ್ಟಿ. ಬಿಸಿಯೂಟದ ಸಾರಿಗೆ ಉಪ್ಪು ಬಿದ್ದಿದೆಯೋ? ಫಿಫ್ಟಿ-ಫಿಫ್ಟಿ. ಓದುವುದನ್ನೇ ಬಿಟ್ಟಿದ್ದ ಹುಡುಗ ಪಾಸಾಗುತ್ತಾನೋ? ಅದೂ ಫಿಫ್ಟಿ-ಫಿಫ್ಟಿ.

ಒಂದು ದಿನ ಸ್ಟಾಫ್ ರೂಮಿನಲ್ಲಿ ನನಗೆ ತಡೆಯಲಾಗಲಿಲ್ಲ. "ಸರ್, ನಾಳೆ ನೀವು ಪ್ರಾರ್ಥನೆ ಹೊತ್ತಿಗೆ ಶಾಲೆಗೆ ಬರ್ತೀರಿ, ಇಲ್ಲ ಬರೋದಿಲ್ಲ. ಎರಡೇ. ಹಾಗಂತ ಅರ್ಧ-ಅರ್ಧ ಅಂತ ಹೇಳೋಕಾಗುತ್ತಾ? ಇಷ್ಟು ವರ್ಷದಲ್ಲಿ ಒಂದು ಸಲವೂ ಬಂದಿಲ್ಲವಲ್ಲ!"

ಡ್ರಾಯಿಂಗ್ ಮೇಷ್ಟ್ರು ಕುಡಿಯುತ್ತಿದ್ದ ಚಹಾ ಮೂಗಿಗೆ ಹತ್ತಿ ಹೊರಗೆ ಓಡಿದರು. ಸಾಹೇಬರು ಮಾತ್ರ ಶಾಂತವಾಗಿ, "ಮೇಡಂ, ನೀವು ಸೊರಬದೋರು ಭಾಳ ಮಾತಾಡ್ತೀರಿ" ಎಂದರು. ಮರುದಿನ ನನಗೆ ಹೆಚ್ಚುವರಿಯಾಗಿ ಎಂಟನೇ ತರಗತಿಯ ದೈಹಿಕ ಶಿಕ್ಷಣದ ಪೀರಿಯಡ್ ಬಿತ್ತು.

ನಮ್ಮ ಪಠ್ಯಪುಸ್ತಕ ಬರೆದವರಿಗೆ ಇಸ್ಪೀಟಿನ ಮೇಲೆ ಅದೇನು ಮೋಹವೋ, ಎರಡು ಲೆಕ್ಕಕ್ಕೊಂದು ಇಸ್ಪೀಟಿನ ಲೆಕ್ಕ. ಐವತ್ತೆರಡು ಎಲೆಗಳಲ್ಲಿ ಕೆಂಪು ರಾಜ ಬರುವ ಸಂಭವನೀಯತೆ ಎಷ್ಟು? ಹೆಣ್ಣುಮಕ್ಕಳು ಎಲೆಯನ್ನೇ ನೋಡಿಲ್ಲ, ಲೆಕ್ಕ ಹೇಗೆ ಮಾಡಿಯಾರು ಎಂದು ನಾನೊಂದು ಪ್ಯಾಕ್ ತಂದು ಮೇಜಿನ ಮೇಲೆ ಹರಡಿದೆ. ಹಿಂದಿನ ಬೆಂಚಿನವರು ವರ್ಷದಲ್ಲಿ ಮೊದಲ ಸಲ ಮುಂದಿನ ಬೆಂಚಿಗೆ ಬಂದರು. "ಟೀಚರ್, ಜೋಕರ್ ತೆಗೀರಿ, ಇಲ್ಲಾಂದ್ರೆ ಐವತ್ನಾಕಾಗ್ತಾವೆ." "ಟೀಚರ್, ಹಂಗಲ್ರೀ ಕಲಸೋದು, ಕೊಡ್ರಿ ಇಲ್ಲಿ." ಅದೇ ಗಳಿಗೆಗೆ ಊರಿನ ಇಬ್ಬರು ಹಿರಿಯರು ಶಾಲೆಗೆ ದೇಣಿಗೆಯ ಗಡಿಯಾರ ಕೊಡಲು ಬಂದವರು ಕಿಟಕಿಯಲ್ಲಿ ಇಣುಕಿದರು. ಸಂಜೆಯ ಹೊತ್ತಿಗೆ ಊರಿಡೀ ಸುದ್ದಿ, ಅಕ್ಕೋರು ಕ್ಲಾಸಿನಲ್ಲೇ ಅಂದರ್-ಬಾಹರ್ ಕಲಿಸುತ್ತಾರಂತೆ. ಇಸ್ಪೀಟು ನಾನು ಹುಟ್ಟಿಸಿದ್ದಲ್ಲ, ಪುಸ್ತಕದಲ್ಲಿದೆ ಎಂದರೂ ಯಾರೂ ನಂಬಲಿಲ್ಲ.

ಆಗ ನನ್ನನ್ನು ಕಾಪಾಡಿದವಳು ಚೈತ್ರ. ಕ್ಲಾಸಿನಲ್ಲಿ ಎರಡನೇ ಬೆಂಚಿನ ಹುಡುಗಿ, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. "ಟೀಚರ್, ಇಸ್ಪೀಟ್ ಬ್ಯಾಡ. ನಮ್ಮಜ್ಜಿ ಹತ್ರ ಚೌಕಾಬಾರದ ಕವಡೆ ಅದಾವೆ. ಅದಕ್ಕೆ ಯಾರೂ ಬೈಯಲ್ಲ" ಎಂದಳು.

ಮರುದಿನ ಕವಡೆಯ ಜೊತೆಗೆ ಅಜ್ಜಿಯೇ ಬಂದುಬಿಟ್ಟಳು. ಗಂಗಜ್ಜಿ. ಕವಡೆ ಬಿಟ್ಟುಕೊಡಲು ಮನಸ್ಸಿಲ್ಲದೆ ಕಾವಲಿಗೆ ಬಂದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತಳು. ನಾಲ್ಕು ಕವಡೆ ಎಸೆಯಬೇಕು. ಎಷ್ಟು ಕವಡೆ ಬಾಯಿ ಮೇಲೆ ಮಾಡಿ ಬೀಳುತ್ತವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಮೇಲಾದರೆ ಚೌಕ. ನಾಲ್ಕೂ ಬೋರಲಾದರೆ ಬಾರ, ಅದಕ್ಕೆ ಎಂಟು ಮನೆ.

ಮಕ್ಕಳನ್ನು ಕೇಳಿದೆ, ಚೌಕ ಬೀಳುವ ಸಂಭವನೀಯತೆ ಎಷ್ಟು? ಎಲ್ಲರೂ ಒಂದೇ ದನಿಯಲ್ಲಿ, "ಐದನೇ ಒಂದು ಟೀಚರ್. ಒಂದು, ಎರಡು, ಮೂರು, ಚೌಕ, ಬಾರ. ಐದೇ ಅಲ್ವಾ ಬೀಳೋದು?"

"ಹಾಗಾದ್ರೆ ಎರಡು ಬೀಳೋದೂ, ಚೌಕ ಬೀಳೋದೂ ಒಂದೇನಾ?"

ಗಂಗಜ್ಜಿ ನಕ್ಕಳು. "ಒಂದೆಂಗಾಗ್ತದೆ ಅಕ್ಕೋರೆ? ಎರಡು ಬೀಳ್ತಾನೇ ಇರ್ತದೆ, ಶನಿ ಬಿಟ್ಟಂಗೆ ಬಿಡಲ್ಲ. ಚೌಕಕ್ಕೆ ಕಾಯ್ಕಂತ ಕುಂತ್ರೆ ಮುದುಕಿ ಆಗ್ಬೇಕು."

ಕವಡೆಗಳಿಗೆ ಕೆಂಪು, ಹಸಿರು, ನೀಲಿ, ಕಪ್ಪು ಬಣ್ಣದ ಚುಕ್ಕೆ ಇಟ್ಟು ಬೇರೆ ಬೇರೆ ಮಾಡಿದೆ. ಅಜ್ಜಿ ಅದಕ್ಕೂ ತಕರಾರು ತೆಗೆದಳು, ಕೇಳಲಿಲ್ಲ. ಒಂದೊಂದು ಕವಡೆಗೂ ಎರಡು ದಾರಿ, ಮೇಲೆ ಇಲ್ಲವೇ ಬೋರಲು. ಎರಡೆರಡಲಿ ನಾಲ್ಕು, ನಾಲ್ಕೆರಡಲಿ ಎಂಟು, ಎಂಟೆರಡಲಿ ಹದಿನಾರು. ಹದಿನಾರನ್ನೂ ಬೋರ್ಡಿನ ಮೇಲೆ ಮಕ್ಕಳೇ ಬರೆದರು. ಅದರಲ್ಲಿ ಚೌಕ ಒಂದೇ ಒಂದು. ಬಾರವೂ ಒಂದೇ. ಒಂದು ಬೀಳುವುದು ನಾಲ್ಕು ರೀತಿ, ಮೂರು ಬೀಳುವುದು ನಾಲ್ಕು ರೀತಿ, ಎರಡು ಬೀಳುವುದು ಆರು ರೀತಿ. ಹಾಗಾಗಿ ಚೌಕ ಹದಿನಾರನೇ ಒಂದು, ಎರಡು ಹದಿನಾರರಲ್ಲಿ ಆರು. ಐದು ಹೆಸರಿದ್ದ ಮಾತ್ರಕ್ಕೆ ಐದೂ ಸಮ ಅಲ್ಲ, ಸಮ ಇರುವುದು ಈ ಹದಿನಾರು, ಎಣಿಸುವುದಾದರೆ ಇವನ್ನು ಎಣಿಸಿ ಎಂದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ಪಾಠ ಮಾಡಿದ ನೆನಪಿಲ್ಲ.

ಚೈತ್ರ ಕೈ ಎತ್ತಿದಳು. "ಟೀಚರ್, ಕವಡೆ ಒಂದ್ಕಡೆ ಉಬ್ಬು, ಒಂದ್ಕಡೆ ಚಪ್ಪಟೆ. ಮೇಲೆ ಬೀಳೋದು, ಬೋರಲು ಬೀಳೋದು ಸಮ ಅಂತ ಹೆಂಗೆ ಹೇಳ್ತೀರಿ?"

"ಸಮ ಅಂತ ಇಟ್ಕೊಂಡ್ರೆ ಹಾಗೆ" ಎಂದೆ. "ಯಾರು ಇಟ್ಕೊಂಡ್ರು?" ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ದೇವರು ದೊಡ್ಡವನು.

ಗಂಗಜ್ಜಿಯ ಇನ್ನೊಂದು ಗುಣ ಹೇಳಲೇಬೇಕು. ಆ ದಿನ ಮಕ್ಕಳ ಜೊತೆ ಅವಳೂ ಆಡಿದಳು, ಗೆದ್ದಳು. ಹೇಗೆ ಎಂದರೆ, ಕವಡೆ ನೆಲ ಮುಟ್ಟಿದ್ದೇ ತಡ, ಬೇರೆಯವರು ಕಣ್ಣು ಹಾಯಿಸುವ ಮೊದಲೇ ಅಂಗೈಯಲ್ಲಿ ಬಾಚಿಕೊಂಡು "ಬಾರ!" ಎಂದುಬಿಡುವಳು. "ನೋಡಲೇ ಇಲ್ಲ ಅಜ್ಜಿ" ಎಂದು ಮಕ್ಕಳು ಕೂಗಿದರೆ, "ಕಣ್ಣು ಎಲ್ಲಿಟ್ಟಿದ್ರಿ? ನಾನು ನೋಡೀನಿ" ಎನ್ನುವಳು. ಊರಿಗೆಲ್ಲ ಗೊತ್ತಿದ್ದ ಮೋಸ ಅದು. ಆದರೆ ಅವಳ ಕೈಯ ವೇಗಕ್ಕೆ ಯಾರ ಕಣ್ಣೂ ಸಾಟಿಯಾಗುತ್ತಿರಲಿಲ್ಲ.

ಈಗ ನಿಜವಾದ ಕಥೆಗೆ ಬರುತ್ತೇನೆ.

ಆ ವರ್ಷ ಚೈತ್ರ ನಮ್ಮ ಶಾಲೆಗೇ ಮೊದಲು ಬಂದು ಪಾಸಾದಳು. ಶಿಕಾರಿಪುರದಲ್ಲಿ ಪಿಯುಸಿ ಸೈನ್ಸ್ ಸೇರುವುದು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅಂಕಪಟ್ಟಿ ಒಯ್ಯಲು ಬಂದವಳ ಮುಖ ಸಪ್ಪಗಿತ್ತು. ಸಂಬಂಧದಲ್ಲೇ ಒಂದು ಗಂಡು ಕೇಳಿಕೊಂಡು ಬಂದಿದೆ. ಈಗ ಮಾತುಕತೆ ಮುಗಿಸಿ, ಹದಿನೆಂಟು ತುಂಬಿದ ಮೇಲೆ ಮದುವೆ. ಗಂಡಿನ ಕಡೆಯವರ ಒಂದೇ ಷರತ್ತು, ಹುಡುಗಿ ಕಾಲೇಜು ಎಂದು ಬಸ್ಸಿನಲ್ಲಿ ಓಡಾಡಬಾರದು, ಮನೆಯಲ್ಲಿರಬೇಕು. ಎಳೆಯ ವಯಸ್ಸಿನ ಮದುವೆಯಾದರೆ ಕಾನೂನು ತೋರಿಸಿ ನಿಲ್ಲಿಸಬಹುದಿತ್ತು. ಮನೆಯಲ್ಲಿ ಕೂರಿಸುವುದನ್ನು ನಿಲ್ಲಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಅವಳ ಅಪ್ಪ ಹಾಲೇಶಪ್ಪನ ಮನೆಗೆ ಹೋದೆ. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಜಗಳವಾಡಿ ಬರಬಹುದಿತ್ತು, ಒಳ್ಳೆಯವರ ಹತ್ತಿರ ಜಗಳ ಆಡುವುದು ಕಷ್ಟ. ಅವನ ತೊಂದರೆ ಏನೆಂದರೆ, ಜೀವಮಾನದಲ್ಲಿ ಯಾವುದನ್ನೂ ತಾನೇ ತೀರ್ಮಾನ ಮಾಡಿದವನಲ್ಲ. ಮೆಕ್ಕೆಜೋಳ ಹಾಕಬೇಕೋ ಭತ್ತ ಹಾಕಬೇಕೋ ಎನ್ನುವುದನ್ನೂ ಊರ ಬಸವಣ್ಣನನ್ನೇ ಕೇಳುವವನು.

"ನನ್ನ ಕೈಯಾಗೆ ಏನೈತ್ರಿ ಅಕ್ಕೋರೆ? ಬರೋ ಸೋಮವಾರ ಬಸವಣ್ಣನ್ನ ಕೇಳ್ತೀವಿ. ಈ ಸಂಬಂಧ ಮಾಡ್ಲಾ ಅಂತ. ಬಲಕ್ಕೆ ಕೊಟ್ರೆ ಮಾಡೋದು, ಎಡಕ್ಕೆ ಕೊಟ್ರೆ ಬಿಡೋದು."

ಕೇಳುವುದು ಎಂದರೆ ಹೂ ಕೇಳುವುದು. ಪೂಜೆ ಮಾಡುವ ಅಯ್ನೋರು ಬಸವಣ್ಣನ ಕಲ್ಲಿನ ಮೈಗೆ ನೀರು ಹಾಕಿ, ಎರಡು ಭುಜಕ್ಕೂ ಒಂದೊಂದು ಒದ್ದೆ ಸೇವಂತಿಗೆ ಅಂಟಿಸುತ್ತಾರೆ. ಮನೆಯ ಹಿರಿಯರು ಕೈಮುಗಿದು ಪ್ರಶ್ನೆ ಹೇಳುತ್ತಾರೆ. ಬಲಭುಜದ ಹೂವು ಮೊದಲು ಬಿದ್ದರೆ ದೇವರ ಅಪ್ಪಣೆ, ಎಡದ್ದು ಬಿದ್ದರೆ ಬೇಡ ಎಂದರ್ಥ.

ಹೊರಗೆ ಬಂದು ಚೈತ್ರಳಿಗೆ ಸಮಾಧಾನ ಹೇಳಿದೆ, "ಹೆದರಬೇಡ ಮಾರಾಯ್ತಿ. ಎರಡು ಹೂವು, ಎರಡರಲ್ಲಿ ಒಂದು ಬೀಳಬೇಕು. ಅರ್ಧ ಅವಕಾಶ ನಿಂದೇ."

ಅವಳು ನನ್ನನ್ನು ನೋಡಿದ ನೋಟ ನೆನೆದರೆ ಈಗಲೂ ಮೈ ಬೆವರುತ್ತದೆ. "ನೀವೂ ಫಿಫ್ಟಿ-ಫಿಫ್ಟಿ ಸಾಹೇಬ್ರಂಗೆ ಮಾತಾಡ್ತೀರಲ್ಲ ಟೀಚರ್. ನಮ್ಮಪ್ಪ ಕೇಳಿದ್ದಕ್ಕೆಲ್ಲ ಬಸವಣ್ಣ ಬಲಕ್ಕೇ ಕೊಟ್ಟಾನೆ. ಬೋರು ತೆಗೆಸ್ಲಾ ಅಂದ, ಬಲಕ್ಕೆ ಬಿತ್ತು, ನೀರು ಬರ್ಲಿಲ್ಲ. ಎಮ್ಮೆ ತರ್ಲಾ ಅಂದ, ಬಲಕ್ಕೆ ಬಿತ್ತು, ಅದು ಹಾಲು ಕರೆಯಾಕೆ ಹೋದ್ರೆ ಒದೀತದೆ. ಎಡಕ್ಕೆ ಬಿದ್ದಿದ್ದು ನಾನು ನೋಡೇ ಇಲ್ಲ."

ನನ್ನನ್ನು ಗುಡಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಬಸವಣ್ಣನ ಬಲಮಗ್ಗುಲಿಗೆ, ಕೈಯಳತೆಯಲ್ಲಿ, ದೊಡ್ಡ ಎಣ್ಣೆ ದೀಪ ಉರಿಯುತ್ತಿತ್ತು. ಅದರ ಕಾವಿಗೆ ಬಲಗಡೆಯ ನೀರು ಬೇಗ ಆರುತ್ತಿತ್ತು, ಹೂವು ಬೇಗ ಜಾರುತ್ತಿತ್ತು. ಎಡಗಡೆ ತಣ್ಣಗೆ ಒದ್ದೆಯಾಗಿಯೇ ಇರುತ್ತಿತ್ತು. ಪಾಪ, ಬಸವಣ್ಣ ಎಷ್ಟು ತಲೆಮಾರಿನಿಂದ ಕೇಳಿದವರಿಗೆಲ್ಲ ಹೂಂ ಅನ್ನುತ್ತಾ ಕೂತಿದ್ದನೋ! ಯಾರ ಮಗಳಿಗೆ, ಯಾವ ಪ್ರಶ್ನೆಗೆ ಹೂಂ ಅಂದನೋ ಎಂದು ನೆನೆದು ನನಗೆ ನಗುವಿನ ಜೊತೆಗೆ ಸಂಕಟವೂ ಆಯಿತು.

ಆಗ ನನಗೊಂದು ಉಪಾಯ ಹೊಳೆಯಿತು. ದೇವರು ಯಾವ ಪ್ರಶ್ನೆಗೂ ಇಲ್ಲ ಅನ್ನದವನಾದರೆ, ನಮ್ಮದೂ ಒಂದು ಪ್ರಶ್ನೆ ಕೇಳಿಸಿದರಾಯಿತು! ಮರಳಿ ಹೋಗಿ ಹಾಲೇಶಪ್ಪನಿಗೆ, "ಸಂಬಂಧದ ಮಾತು ಕೇಳಿ, ಬೇಡ ಅನ್ನಲ್ಲ. ಅದರ ಜೊತೆಗೆ, ಹುಡುಗಿ ಓದಲಾ ಅಂತಲೂ ಒಂದು ಹೂ ಕೇಳಿ. ದೇವರನ್ನ ಕೇಳೋದಕ್ಕೆ ಎಂತ ಖರ್ಚು?" ಎಂದೆ. ಅವನು ಯೋಚನೆಗೆ ಬಿದ್ದ. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಗಂಗಜ್ಜಿ, ತಲೆ ಎತ್ತದೆಯೇ, "ಕೇಳಾನ ಬಿಡು, ಅವನೇನು ಬೈತಾನಾ?" ಎಂದಳು. ಅಮ್ಮ ಹೇಳಿದ ಮೇಲೆ ಹಾಲೇಶಪ್ಪನಿಗೆ ನೆಮ್ಮದಿ, ತೀರ್ಮಾನ ಇನ್ನೊಬ್ಬರದ್ದಾಯಿತಲ್ಲ.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಬಾಯಲ್ಲೇ ಲೆಕ್ಕ ಹಾಕಿದೆ. ಎರಡು ಪ್ರಶ್ನೆ, ನಾಲ್ಕು ಫಲಿತಾಂಶ. ಬಲ-ಬಲ, ಬಲ-ಎಡ, ಎಡ-ಬಲ, ಎಡ-ಎಡ. ದೀಪವೇ ಇಲ್ಲ, ನಾಲ್ಕೂ ಸಮ ಎಂದಿಟ್ಟುಕೊಂಡರೂ ಹುಡುಗಿಯ ಓದು ಕೆಡುವುದು ಒಂದರಲ್ಲಿ ಮಾತ್ರ, ಸಂಬಂಧಕ್ಕೆ ಬಲ ಬಿದ್ದು ಓದಿಗೆ ಎಡ ಬಿದ್ದರೆ. ಎರಡಕ್ಕೂ ಎಡ ಬಿದ್ದರೆ ಷರತ್ತು ಹಾಕಲು ಗಂಡೇ ಇರುವುದಿಲ್ಲ, ಹಾಲೇಶಪ್ಪನನ್ನು ಹೇಗಾದರೂ ಒಪ್ಪಿಸಬಹುದು. ಒಂದೇ ಪ್ರಶ್ನೆಗೆ ಅರ್ಧ ಇದ್ದ ಅಪಾಯ ಕಾಲು ಭಾಗಕ್ಕೆ ಇಳಿಯಿತು. ಇನ್ನು ದೀಪದ ಕಾವು ಸೇರಿದರೆ ಬಲ-ಬಲ ಬಿಟ್ಟು ಬೇರೆ ಬೀಳುವ ಮಾತೇ ಇಲ್ಲ. ದೇವರೇ ಎರಡಕ್ಕೂ ಅಪ್ಪಣೆ ಕೊಟ್ಟ ಮೇಲೆ ಗಂಡಿನ ಕಡೆಯವರ ಷರತ್ತು ಯಾವ ಲೆಕ್ಕ? ನನ್ನ ಬುದ್ಧಿಗೆ ನಾನೇ ಮೆಚ್ಚಿ, ಶಿಕಾರಿಪುರ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಿಸಿ ಮಿರ್ಚಿ ತಿಂದೆ.

ಸೋಮವಾರ ಬೆಳಿಗ್ಗೆ ಗುಡಿಗೆ ಹೋದರೆ, ದೀಪ ಇಲ್ಲ!

ಗರ್ಭಗುಡಿಗೆಲ್ಲ ಹೊಸದಾಗಿ ಬಿಳಿ ಟೈಲ್ಸ್ ಹಾಕಿಸಿದ್ದರು. ಎಣ್ಣೆ ದೀಪದ ಮಸಿ ಹಿಡಿಯುತ್ತದೆ ಎಂದು ಅದನ್ನು ಹೊರಗಿನ ಕಂಬದ ಬಳಿಗೆ ಸಾಗಿಸಿ, ಅದರ ಜಾಗದಲ್ಲಿ ಎಲ್‌ಇಡಿ ದೀಪ ಇಟ್ಟಿದ್ದರು. ನೋಡಲು ಉರಿಯುವ ಬತ್ತಿಯ ಹಾಗೆಯೇ ಕುಣಿಯುತ್ತದೆ, ಮುಟ್ಟಿದರೆ ತಣ್ಣಗೆ.

"ಹೆಂಗೈತ್ರಿ ಅಕ್ಕೋರೆ? ಹೊಗೆ ಇಲ್ಲ, ಜಿಡ್ಡು ಇಲ್ಲ" ಎಂದು ಅಯ್ನೋರು ಹಿಗ್ಗಿನಿಂದ ಹೇಳಿದರು. ಭಾಳ ಚೆನ್ನಾಗಿದೆ ಎಂದೆ. ನಾಲ್ಕರ ಲೆಕ್ಕವನ್ನು ಮೊದಲೇ ನನ್ನಿಂದ ಕೇಳಿದ್ದ ಚೈತ್ರ ನನ್ನ ಪಕ್ಕಕ್ಕೆ ಬಂದು, ಪಿಸುಮಾತಿನಲ್ಲಿ, "ಈಗ ನಿಜವಾಗ್ಲೂ ಸಮ ಆತು ಟೀಚರ್. ಈಗ ನಿಮ್ ನಾಲ್ಕರ ಲೆಕ್ಕಾನೇ ಗತಿ" ಎಂದಳು.

ಗಂಡಿನ ಸೋದರಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಎದುರಿಗೆ ಕೂತಿದ್ದ. ಅಯ್ನೋರು ನೀರು ಹಾಕಿ ಹೂ ಅಂಟಿಸಿದರು. ಮನೆಯ ಹಿರಿಯಳಾಗಿ ಗಂಗಜ್ಜಿ ಕೈಮುಗಿದು ಕೇಳಿದಳು, "ಅಪ್ಪಾ ಬಸವಣ್ಣ, ಈ ಸಂಬಂಧ ನಮ್ಮ ಹುಡುಗಿಗೆ ಆಗಿಬರ್ತದೇನು, ಹೇಳಪ್ಪ." ನಾನು ಜೀವನದಲ್ಲಿ ಮೊದಲ ಸಲ ಎಡಗಡೆಯ ದೇವರನ್ನು ಬೇಡಿಕೊಂಡೆ. ಸ್ವಲ್ಪ ಹೊತ್ತು ಕಳೆದು, ಬಲಗಡೆಯ ಹೂವು ಪಟ್ಟನೆ ಬಿತ್ತು. ಗಂಟೆ ಬಾರಿಸಿದರು. ಸೋದರಮಾವ ಮೀಸೆ ತಿರುವಿದ.

ನಾಲ್ಕರಲ್ಲಿ ಎರಡು ಹೋದವು. ಉಳಿದದ್ದು ಬಲ-ಬಲ, ಬಲ-ಎಡ. ನನ್ನ ಕಾಲು ಭಾಗದ ಅಪಾಯ ನೋಡನೋಡುತ್ತಲೇ ಮತ್ತೆ ಅರ್ಧಕ್ಕೆ ಏರಿ ಕೂತಿತು.

ಮತ್ತೆ ನೀರು, ಮತ್ತೆ ಎರಡು ಹೂವು. ಗಂಗಜ್ಜಿ ಕೇಳಿದಳು, "ಅಪ್ಪಾ, ನನ್ನ ಮೊಮ್ಮಗಳು ಕಾಲೇಜಿಗೆ ಹೋಗಿ ಓದ್ಲೇನು?"

ಹೂವು ಬೀಳಲಿಲ್ಲ. ಬಲದ್ದೂ ಬೀಳಲಿಲ್ಲ, ಎಡದ್ದೂ ಬೀಳಲಿಲ್ಲ. ಅಯ್ನೋರು ಮಂತ್ರ ಹೇಳಿದರು, ಗಂಟೆ ಬಾರಿಸಿದರು, ಊದಿನಕಡ್ಡಿ ಮುಗಿಯಿತು, ಇನ್ನೊಂದು ಹಚ್ಚಿದರು. ಕಾವಿಲ್ಲದ ಕಲ್ಲು, ಒದ್ದೆ ಆರುವುದೇ ಇಲ್ಲ. ಕೂತವರೆಲ್ಲ ಕಾಲು ಬದಲಿಸಿದರು. ಸೋದರಮಾವ ಮೊಬೈಲ್ ತೆಗೆದು ಹೊತ್ತು ನೋಡಿ, "ಬಸ್ಸಿನ ಹೊತ್ತಾತು. ಮೊದಲನೇ ಮಾತಿಗೆ ದೇವ್ರು ಹೂಂ ಅಂದ ಮೇಲೆ ಇದೆಲ್ಲ ಯಾಕ್ರೀ?" ಎಂದ. ಇನ್ನೊಬ್ಬರು, "ಮುಂದಿನ ಸೋಮವಾರ ಮತ್ತೆ ಕೇಳಾನ" ಎಂದರು. ಕಾಲೇಜಿನ ಸೇರ್ಪಡೆಗೆ ಆ ವಾರವೇ ಕೊನೆ. ಕುಪ್ಪಗಡ್ಡೆಯ ಕಡೆಯ ಆ ಹುಡುಗ, ಕೆಸರಿನಲ್ಲಿ ನಿಂತ ನಾಣ್ಯ, "ಲೆಕ್ಕಕ್ಕಿಲ್ಲ, ಮತ್ತೆ ಹಾಕು" ಎಂದ ನಾನು, ಎಲ್ಲ ನೆನಪಾಯಿತು. ನಾಲ್ಕು ಎಣಿಸಿದ್ದೆನಲ್ಲ, ಇದು ಅದರಲ್ಲಿ ಯಾವುದೂ ಆಗಿರಲಿಲ್ಲ.

ಹಾಲೇಶಪ್ಪ ದಿಕ್ಕು ತೋಚದೆ ನನ್ನ ಕಡೆ ತಿರುಗಿದ. "ಅಕ್ಕೋರೆ, ನಿಮ್ ಲೆಕ್ಕದಾಗೆ ಇದಕ್ಕೆ ಏನಂತಾರ್ರೀ?"

"ನನ್ನ ಲೆಕ್ಕದಲ್ಲಿ ಇದು ಇಲ್ಲ ಹಾಲೇಶಪ್ಪ. ಬೀಳದೇ ಇರುತ್ತೆ ಅಂತ ನಾನು ಎಣಿಸಿರಲೇ ಇಲ್ಲ."

ಆಗ ಚೈತ್ರ ಎದ್ದು ಅಪ್ಪನ ಎದುರಿಗೆ ನಿಂತಳು. "ಅಪ್ಪಾ, ಬಸವಣ್ಣ ಹೇಳಲ್ಲ ಅಂತ ಕುಂತಾನೆ. ನಿನಗೇ ಬಿಟ್ಟಾನೆ. ನೀನು ಹೇಳು. ಹೋಗ್ಲಾ, ಬ್ಯಾಡ್ವಾ?"

ಹಾಲೇಶಪ್ಪ ಬಲಗಡೆಯ ಹೂ ನೋಡಿದ. ಎಡಗಡೆಯ ಹೂ ನೋಡಿದ. ತನ್ನ ತಾಯಿಯನ್ನು ನೋಡಿದ, ಅವಳು ಬೇಕೆಂದೇ ಟೈಲ್ಸ್ ನೋಡುತ್ತಿದ್ದಳು. ಅಯ್ನೋರನ್ನು ನೋಡಿದ, ಅವರು ಮಂತ್ರ ಮರೆತು ನಿಂತಿದ್ದರು. ಆ ಮನುಷ್ಯನ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಕೊಳವೆಬಾವಿ, ಎಮ್ಮೆ, ಮೆಕ್ಕೆಜೋಳ, ಯಾವುದಕ್ಕೂ ಅಷ್ಟು ಕಷ್ಟಪಟ್ಟವನಲ್ಲ ಅವನು. ಕೊನೆಗೆ ಮಗಳ ಮುಖ ನೋಡಿದ.

"ಹೋಗು" ಎಂದ. ಆಮೇಲೆ ಇನ್ನೂ ಗಟ್ಟಿಯಾಗಿ, "ಹೋಗವ್ವ, ಓದು. ಸಂಬಂಧ ಆಗಿಬರ್ತದೆ ಅಂದಾನೆ, ಯಾವಾಗ ಅಂತ ಅವನೂ ಹೇಳಿಲ್ಲ. ಕಾಯೋದಾದ್ರೆ ಕಾಯ್ಲಿ. ಇದು ನನ್ನ ಮಾತು."

ಸೋದರಮಾವ ದಡಕ್ಕನೆ ಎದ್ದ. ಎಲ್ಲರೂ ಅವನ ಕಡೆ ತಿರುಗಿದರು. ಸರಿಯಾಗಿ ಅದೇ ಗಳಿಗೆಗೆ, ಒಂದು ಹೂವು ಸದ್ದಿಲ್ಲದೆ ಜಾರಿ ಬಿಳಿ ಟೈಲ್ಸಿನ ಮೇಲೆ ಬಿತ್ತು. ಎಡಗಡೆಯದು.

ನಾನು ನೋಡಿದೆ. ಗಂಗಜ್ಜಿಯೂ ನೋಡಿದಳು. ಕವಡೆ ಬಾಚುವ ಕೈ ಅದು, ಹೂವು ನೆಲ ಮುಟ್ಟಿದ್ದೇ ತಡ ಅವಳ ಅಂಗೈಯೊಳಗಿತ್ತು. ಸೋದರಮಾವ ತಿರುಗಿ, "ಏನ್ ಬಿತ್ತು? ಎತ್ಲಾಗೆ ಬಿತ್ತು?" ಎಂದು ಕೇಳುವಷ್ಟರಲ್ಲಿ ಅವಳು ಅದನ್ನು ಮೊಮ್ಮಗಳ ಜಡೆಗೆ ಸಿಕ್ಕಿಸಿ, "ಬಸವಣ್ಣನ ಪ್ರಸಾದ. ಕಣ್ಣು ಎಲ್ಲಿಟ್ಟಿದ್ರಿ? ನಾನು ನೋಡೀನಿ" ಎಂದಳು.

ಅವನಿಗೆ ಅಜ್ಜಿಯ ಮೇಲೆ ನಂಬಿಕೆ ಬರಲಿಲ್ಲ. ಬರಬಾರದು ಕೂಡ. ನನ್ನ ಕಡೆ ತಿರುಗಿ, "ಅಕ್ಕೋರೆ, ನೀವು ಓದಿದೋರು, ನೀವು ಹೇಳ್ರಿ. ಬಿದ್ದಿದ್ದು ಯಾವ ಕಡೇದು?" ಎಂದ.

"ಕನ್ನಡಕ ಇಲ್ಲದೆ ನನಗೆ ದೂರದ್ದು ಕಾಣೋದಿಲ್ಲಪ್ಪ" ಎಂದೆ.

ಕನ್ನಡಕ ಮೂಗಿನ ಮೇಲೇ ಇತ್ತು.